ಹೋಗುವ ಹೊತ್ತಿಗೆ ರೈಡ್ ಮುಚ್ಚಿದ್ದರೆ? ಒರ್ಲಾಂಡೋಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನ ನಮ್ಮ ಮನೆಯಿಂದ ಫ್ಲೋರಿಡಾದ ಒರ್ಲಾಂಡೋಗೆ ಕಾರಿನಲ್ಲಿ ಹೆಚ್ಚುಕಡಿಮೆ ಎಂಟು ಗಂಟೆ ದಾರಿ. ಇಲ್ಲಿಯವರೆಗೆ ಐದು ಸಲ ಹೋಗಿಬಂದಿದ್ದೇವೆ, ಎರಡು ಸಲ ಅತ್ತೆ-ಮಾವನನ್ನೂ ಕರೆದುಕೊಂಡು. ಹಾಗಾಗಿ ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ಯಾರಾದರೂ ಹಿಂದೆ ಬಂದು ನಿಂತು, "ಅಕ್ಕಾ, ಜೂನ್‌ನಲ್ಲಿ ಡಿಸ್ನಿಗೆ ಹೋಗ್ತಿದ್ದೀವಿ, ಆ ರೈಡು ಮುಚ್ಚಿದ್ಯಂತಲ್ಲ, ಏನ್ಮಾಡೋದು?" ಅಂತ ಕೇಳುವುದು ರೂಢಿಯಾಗಿಬಿಟ್ಟಿದೆ. ಬೆಂಗಳೂರಿನಲ್ಲಿರುವ ತಂಗಿಯ ಸ್ನೇಹಿತೆಯರೂ ವಾಟ್ಸ್ಯಾಪ್‌ನಲ್ಲಿ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಬಹುಪಾಲು ವಾಲ್ಟ್ ಡಿಸ್ನಿ ವರ್ಲ್ಡ್ ಬಗ್ಗೆಯೇ ಇದೆ, ಯಾಕೆಂದರೆ ಕೇಳುವವರು ಹೋಗುವುದು ಅಲ್ಲಿಗೇ. ಅದು ಒಂದೇ ಪಾರ್ಕ್ ಅಲ್ಲ; ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್ ಅಂತ ನಾಲ್ಕು ದೊಡ್ಡ ಪಾರ್ಕ್‌ಗಳಿವೆ.

"ರೈಡ್ ಮುಚ್ಚಿದೆ" ಅಂದರೆ ಎಲ್ಲಕ್ಕೂ ಒಂದೇ ಅರ್ಥವೇ?

ಇಲ್ಲ. ಇದೊಂದನ್ನು ಬಿಡಿಸಿಕೊಂಡರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ.

ಕೆಲವು ರೈಡ್‌ಗಳು ಕಾಯಂ ಆಗಿ ಹೋಗುತ್ತವೆ. ಮ್ಯಾಜಿಕ್ ಕಿಂಗ್‌ಡಮ್‌ನ ಸ್ಪ್ಲ್ಯಾಶ್ ಮೌಂಟನ್ 2023ರ ಜನವರಿಯಲ್ಲಿ ಮುಚ್ಚಿತು. ಅದೇ ಗುಡ್ಡಕ್ಕೆ, ಅದೇ ನೀರಿನ ಕಾಲುವೆಗೆ ಬೇರೆ ಕಥೆಯ ವೇಷ ತೊಡಿಸಿ 2024ರ ಜೂನ್‌ನಲ್ಲಿ 'ಟಿಯಾನಾಸ್ ಬಯೂ ಅಡ್ವೆಂಚರ್' ಅಂತ ತೆರೆದರು. 2025ರ ಜುಲೈ 6 ಅಲ್ಲಿನ 'ರಿವರ್ಸ್ ಆಫ್ ಅಮೆರಿಕ' ನದಿ, ಟಾಮ್ ಸಾಯರ್ ದ್ವೀಪ ಮತ್ತು ಹಳೇ ಕಾಲದ ದೋಣಿಗೆ ಕೊನೆಯ ದಿನವಾಯಿತು. ಆ ಜಾಗ 'ಕಾರ್ಸ್' ಸಿನಿಮಾದ ರೈಡ್‌ಗಳ ಪಾಲಾಗಿದೆ. ಹತ್ತು ವರ್ಷದ ಹಿಂದೆ ಹೋಗಿಬಂದ ನೆಂಟರು "ಅದನ್ನ ಮಾತ್ರ ಬಿಡಬೇಡಿ" ಅಂದದ್ದು ಈಗ ಇದೆಯೋ ಇಲ್ಲವೋ, ಮೊದಲು ನೋಡಿಕೊಳ್ಳಿ.

ಇನ್ನು ಕೆಲವು ದೊಡ್ಡ ರಿಪೇರಿಗೆಂದು ತಿಂಗಳುಗಟ್ಟಲೆ ನಿಲ್ಲುತ್ತವೆ. ಎಪ್ಕಾಟ್‌ನ ಟೆಸ್ಟ್ ಟ್ರ್ಯಾಕ್ 2024ರ ಜೂನ್‌ನಲ್ಲಿ ಮುಚ್ಚಿ ಹೊಸ ರೂಪದಲ್ಲಿ ತೆರೆದದ್ದು 2025ರ ಜುಲೈನಲ್ಲಿ. ಬಿಗ್ ಥಂಡರ್ ಮೌಂಟನ್ 2025ರ ಜನವರಿಯಲ್ಲಿ ಮುಚ್ಚಿತು, ಆ ವರ್ಷ ಹೋದವರಿಗೆ ಸಿಗಲೇ ಇಲ್ಲ. ಎಲ್ಲಕ್ಕಿಂತ ಉದ್ದದ ಕಥೆ ಮ್ಯಾಜಿಕ್ ಕಿಂಗ್‌ಡಮ್ ಸುತ್ತುವ ಹಬೆ ರೈಲಿನದು. ಅದು 2018ರ ಡಿಸೆಂಬರ್‌ನಲ್ಲಿ ನಿಂತು ಮತ್ತೆ ಓಡಿದ್ದು 2022ರ ಡಿಸೆಂಬರ್‌ನಲ್ಲಿ. ರೈಲಿಗೇನೂ ಆಗಿರಲಿಲ್ಲ. ಅದರ ಹಳಿ ಹಾಯುವ ಜಾಗದಲ್ಲೇ 'ಟ್ರಾನ್' ಎಂಬ ಹೊಸ ರೋಲರ್ ಕೋಸ್ಟರ್ ಕಟ್ಟುತ್ತಿದ್ದರು, ಅಷ್ಟೇ.

ಮೂರನೆಯದು ಕೆಲವೇ ವಾರಗಳ ವಾರ್ಷಿಕ ರಿಪೇರಿ. ಅನಿಮಲ್ ಕಿಂಗ್‌ಡಮ್‌ನ ಕಾಲಿ ರಿವರ್ ರ್‍ಯಾಪಿಡ್ಸ್ ಮೈಯೆಲ್ಲಾ ತೋಯಿಸುವ ರೈಡ್, ಅದನ್ನು ಸಾಮಾನ್ಯವಾಗಿ ಚಳಿಗಾಲದಲ್ಲಿ, ಜನವರಿಯ ಆಸುಪಾಸು, ನಿಲ್ಲಿಸುತ್ತಾರೆ. ಜನವರಿಯಲ್ಲಿ ತೋಯಲು ಯಾರಿಗೂ ಆಸೆ ಇರುವುದಿಲ್ಲ, ಹಾಗಾಗಿ ಇದರ ಬಗ್ಗೆ ನನಗೆ ತಕರಾರಿಲ್ಲ.

ಉಳಿದದ್ದು ಎರಡು: ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಕೆಟ್ಟು ನಿಲ್ಲುವುದು, ಗುಡುಗು ಬಂದು ನಿಲ್ಲಿಸುವುದು.

ಮೊದಲ ಮೂರು ಮನೆಯಲ್ಲಿ ಕೂತೇ ಗೊತ್ತಾಗುತ್ತವೆ, ಅವಕ್ಕೆ ತಾರೀಖು ಬದಲಿಸಬಹುದು. ಕೊನೆಯ ಎರಡು ಯಾರಿಗೂ ಮೊದಲೇ ತಿಳಿಯುವುದಿಲ್ಲ, ಅವಕ್ಕೆ ಆ ದಿನದ ಕ್ರಮ ಬದಲಿಸಬಹುದು. ನನಗೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಈ ಎರಡು ಬಗೆಯನ್ನು ಕಲಸಿಕೊಂಡದ್ದರಿಂದ ಬಂದವು.

ಯಾವ ರೈಡ್ ಯಾವಾಗ ಮುಚ್ಚಿರುತ್ತದೆ ಅಂತ ಎಲ್ಲಿ ನೋಡುವುದು?

ಡಿಸ್ನಿ ವರ್ಲ್ಡ್ ವೆಬ್‌ಸೈಟಿನಲ್ಲಿ ಪಾರ್ಕ್ ತೆರೆಯುವ ವೇಳೆಯ ಕ್ಯಾಲೆಂಡರ್ ಇದೆ. ನೀವು ಹೋಗುವ ದಿನ ಆರಿಸಿಕೊಂಡರೆ ಅವತ್ತು ರಿಪೇರಿಯಲ್ಲಿರುವವುಗಳ ಪಟ್ಟಿ ಕಾಣುತ್ತದೆ. ತಾರೀಖು ನಿರ್ಧರಿಸುವ ಮೊದಲು ಒಂದು ಸಲ, ವಿಮಾನದ ಟಿಕೆಟ್ ತೆಗೆಯುವ ಮುನ್ನ ಒಂದು ಸಲ, ಹೊರಡುವ ವಾರ ಒಂದು ಸಲ ನೋಡಿ. ಕಿರು ರಿಪೇರಿಗಳನ್ನು ಕೆಲವೊಮ್ಮೆ ಕೆಲವೇ ವಾರಗಳ ಮುಂಚೆ ಸೇರಿಸುತ್ತಾರೆ, ಆದ್ದರಿಂದ ಆರು ತಿಂಗಳ ಹಿಂದೆ ನೋಡಿದ ಪಟ್ಟಿಯನ್ನು ನಂಬಿ ಕೂರಬೇಡಿ.

ಪಾರ್ಕ್‌ನೊಳಗೆ ಹೋದ ಮೇಲೆ 'ಮೈ ಡಿಸ್ನಿ ಎಕ್ಸ್‌ಪೀರಿಯನ್ಸ್' ಆ್ಯಪ್. ಕಾಯುವ ನಿಮಿಷಗಳ ಬದಲು 'ಟೆಂಪರರಿಲಿ ಕ್ಲೋಸ್ಡ್' ಅಂತ ಕಂಡರೆ ಅದು ಅವತ್ತಿನ ಮಟ್ಟಿಗಿನ ನಿಲುಗಡೆ. 'ಕ್ಯೂ ಟೈಮ್ಸ್', 'ಥ್ರಿಲ್ ಡೇಟಾ' ಎಂಬ ಹೊರಗಿನ ಜಾಲತಾಣಗಳೂ ಇವೆ. ಯಾವ ರೈಡ್ ಯಾವ್ಯಾವ ದಿನ ಎಷ್ಟು ಹೊತ್ತು ನಿಂತಿತ್ತು ಅಂತ ಅಲ್ಲಿ ನೋಡಬಹುದು. ಅಂಕಿಅಂಶದ ಹುಚ್ಚಿರುವ ಗಂಡಂದಿರಿಗೆ ಇದನ್ನು ತೋರಿಸುವ ಮುನ್ನ ಯೋಚಿಸಿ, ನಮ್ಮ ಮನೆಯಲ್ಲಿ ಒಂದು ಇಡೀ ವಾರಾಂತ್ಯ ಅದಕ್ಕೇ ಹೋಯಿತು.

ವಿಮಾನದ ಟಿಕೆಟ್, ಹೋಟೆಲ್ ಎಲ್ಲ ಆದ ಮೇಲೆ ರೈಡ್ ಮುಚ್ಚುತ್ತೇವೆ ಅಂತ ಹೇಳಿದರು. ದುಡ್ಡು ವಾಪಸ್ ಬರುತ್ತದೆಯೇ?

ಬರುವುದಿಲ್ಲ. ಟಿಕೆಟ್ ಪಾರ್ಕ್‌ನೊಳಗೆ ಹೋಗುವುದಕ್ಕೆ, ಇಂಥದ್ದೇ ರೈಡ್ ಸಿಗುತ್ತದೆ ಎಂಬ ಮಾತಿಗಲ್ಲ. ಯಾವ ಆಕರ್ಷಣೆಯನ್ನಾದರೂ ಮುನ್ಸೂಚನೆ ಇಲ್ಲದೆ ನಿಲ್ಲಿಸಬಹುದು ಅಂತ ಅವರ ಷರತ್ತಿನಲ್ಲೇ ಇದೆ. ಆದರೆ ಬಳಸದ ಟಿಕೆಟ್ಟಿನ ದಿನಾಂಕವನ್ನು ಮುಂದೂಡಿಕೊಳ್ಳಲು ದಾರಿ ಇದೆ, ದರದಲ್ಲಿ ವ್ಯತ್ಯಾಸವಿದ್ದರೆ ಕಟ್ಟಬೇಕಾಗುತ್ತದೆ.

ನನ್ನನ್ನು ಕೇಳಿದರೆ, ಒಂದು ರೈಡ್‌ಗಾಗಿ ತಾರೀಖು ಬದಲಿಸುವುದು ಒಂದೇ ಸಂದರ್ಭದಲ್ಲಿ ಸರಿ: ಅದು ಕಾಯಂ ಆಗಿ ಹೋಗುತ್ತಿದೆ, ಮತ್ತು ಮನೆಯಲ್ಲಿ ಒಬ್ಬರಿಗೆ ಅದರ ಮೇಲೆ ಪ್ರಾಣ. ಮಿಕ್ಕಂತೆ, ಮಕ್ಕಳ ಶಾಲೆ, ಇಬ್ಬರ ಕೆಲಸದ ರಜೆ, ಊರಿನಿಂದ ಬಂದವರು ಹಿಂತಿರುಗುವ ದಿನ, ಇವಿಷ್ಟೂ ಒಂದು ಗೆರೆಗೆ ಬರುವುದೇ ಪುಣ್ಯ. ಅದನ್ನು ಕೆಡಿಸಿಕೊಳ್ಳಬೇಡಿ.

ಯಾವ ತಿಂಗಳು ಹೋದರೆ ಎಲ್ಲ ರೈಡೂ ತೆರೆದಿರುತ್ತವೆ?

ಅಂಥ ತಿಂಗಳಿಲ್ಲ. ಜನ ಕಡಿಮೆ ಇರುವಾಗ ರಿಪೇರಿ ಇಟ್ಟುಕೊಳ್ಳುತ್ತಾರೆ, ಜನ ತುಂಬಿರುವಾಗ ಆದಷ್ಟೂ ಓಡಿಸುತ್ತಾರೆ. ಕ್ರಿಸ್‌ಮಸ್ ವಾರದಲ್ಲಿ ಹೆಚ್ಚಿನವು ಓಡುತ್ತಿರುತ್ತವೆ, ಆದರೆ ಒಂದೊಂದಕ್ಕೂ ಎರಡು ಗಂಟೆ ಸಾಲು. ಜನವರಿ ಕೊನೆಯಲ್ಲಿ ಸಾಲು ಚಿಕ್ಕದು, ಬೋರ್ಡ್ ಹಾಕಿ ಮುಚ್ಚಿದವು ಹೆಚ್ಚು. ನಾವು ಎರಡೂ ನೋಡಿದ್ದೇವೆ. ಮುಚ್ಚಿದ ಎರಡು ರೈಡ್ ಬಿಟ್ಟು ಉಳಿದ ಹದಿನೈದನ್ನು ಆರಾಮಾಗಿ ನೋಡುವುದೇ ನನಗೆ ಮೇಲು ಅನ್ನಿಸಿತು. ಬೆಂಗಳೂರಿನಿಂದ ಬರುವವರಿಗೆ ಏಪ್ರಿಲ್ ಕೊನೆ, ಮೇ ಮೊದಲರ್ಧ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಶಾಲೆಗೆ ರಜೆ, ಇಲ್ಲಿ ಇನ್ನೂ ರಜೆ ಶುರುವಾಗಿರುವುದಿಲ್ಲ, ದಿನಾ ಮಧ್ಯಾಹ್ನದ ಮಳೆಯೂ ಹತ್ತಿಕೊಂಡಿರುವುದಿಲ್ಲ.

ನೀರಿನ ಪಾರ್ಕ್ ಬೇಕು ಅನ್ನುವವರಿಗೆ ಒಂದು ಮಾತು. ಡಿಸ್ನಿಗೆ ಟೈಫೂನ್ ಲಗೂನ್, ಬ್ಲಿಝರ್ಡ್ ಬೀಚ್ ಅಂತ ಎರಡಿವೆ, ಚಳಿಗಾಲದಲ್ಲಿ ಸಾಮಾನ್ಯವಾಗಿ ಒಂದನ್ನು ಮುಚ್ಚಿ ಇನ್ನೊಂದನ್ನು ನಡೆಸುತ್ತಾರೆ. ತೆರೆದಿರುವುದೂ ತುಂಬಾ ಚಳಿ ಬಿದ್ದ ದಿನ ಬಾಗಿಲು ಹಾಕುತ್ತದೆ.

ಜೂನ್, ಜುಲೈನಲ್ಲೇ ಹೋಗಬೇಕಾಗಿದೆ. ಮಳೆ ಬಂದರೆ ಎಲ್ಲ ನಿಲ್ಲುತ್ತದಂತೆ?

ನಿಲ್ಲಿಸುವುದು ಮಳೆಗಿಂತ ಹೆಚ್ಚಾಗಿ ಸಿಡಿಲು. ಅಮೆರಿಕದಲ್ಲೇ ಅತಿ ಹೆಚ್ಚು ಸಿಡಿಲು ಬೀಳುವ ಸೀಮೆಗಳಲ್ಲಿ ನಡು ಫ್ಲೋರಿಡಾ ಒಂದು. ಬೇಸಿಗೆಯಲ್ಲಿ ಎರಡೂ ಕಡಲುಗಳಿಂದ ಬರುವ ಹಸಿಗಾಳಿ ನಾಡಿನ ನಡುವೆ ಸೇರಿ ಮೇಲೇರುತ್ತದೆ. ಮಧ್ಯಾಹ್ನ ಎರಡು-ಮೂರರ ಹೊತ್ತಿಗೆ ಮೋಡ ಕಟ್ಟಿ, ಗುಡುಗಿ, ಒಂದು ಗಂಟೆ ಸುರಿದು ಹೋಗುತ್ತದೆ. ನಮ್ಮ ಏಪ್ರಿಲ್-ಮೇ ತಿಂಗಳ ಸಂಜೆಮಳೆ ಇದ್ದ ಹಾಗೆ, ಆದರೆ ದಿನಾ.

ಸಿಡಿಲು ಹತ್ತಿರ ಬಂದ ಕೂಡಲೇ ಬಯಲಿನ ರೈಡ್‌ಗಳು ನಿಲ್ಲುತ್ತವೆ: ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್, ಸ್ಲಿಂಕಿ ಡಾಗ್ ಡ್ಯಾಶ್, ಟಿಯಾನಾಸ್, ಜಂಗಲ್ ಕ್ರೂಸ್, ಹೊರಗಡೆ ಸುತ್ತು ಹಾಕುವ ಟೆಸ್ಟ್ ಟ್ರ್ಯಾಕ್. ಸೂರಿನ ಒಳಗಿನವು ನಡೆಯುತ್ತಿರುತ್ತವೆ: ಸ್ಪೇಸ್ ಮೌಂಟನ್, ಹಾಂಟೆಡ್ ಮ್ಯಾನ್ಷನ್, ಪೈರೇಟ್ಸ್ ಆಫ್ ದ ಕೆರಿಬಿಯನ್, ಪೀಟರ್ ಪ್ಯಾನ್, ಎಪ್ಕಾಟ್‌ನ ಸೋರಿನ್ ಮತ್ತು ಫ್ರೋಝನ್, ಅನಿಮಲ್ ಕಿಂಗ್‌ಡಮ್‌ನ ಫ್ಲೈಟ್ ಆಫ್ ಪ್ಯಾಸೇಜ್.

ನಮ್ಮ ಲೆಕ್ಕ ಹೀಗೆ: ಬಯಲಿನವೆಲ್ಲ ಬೆಳಿಗ್ಗೆ ಹನ್ನೊಂದರ ಒಳಗೆ. ಮಧ್ಯಾಹ್ನ ಒಂದರ ಮೇಲೆ ಸೂರಿರುವವು, ಊಟ, ಕೂತು ನೋಡುವ ಶೋಗಳು. ಗುಡುಗು ಕೇಳಿದ ಕೂಡಲೇ ಇಡೀ ಪಾರ್ಕ್ ಒಳಗಿನ ರೈಡ್‌ಗಳ ಕಡೆ ಓಡುತ್ತದೆ. ಮೋಡ ಕಪ್ಪಾಗುವಾಗಲೇ ಸಾಲಿನಲ್ಲಿದ್ದರೆ ನೀವು ಗೆದ್ದಿರಿ. ಮಳೆ ನಿಂತ ಮೇಲೆ ಇನ್ನೊಂದು ಅವಕಾಶ. ಅರ್ಧದಷ್ಟು ಜನ ತೋಯ್ದು ಹೋಟೆಲ್ ಸೇರಿರುತ್ತಾರೆ, ಸಂಜೆ ಆರಕ್ಕೆ ಬಯಲಿನ ರೈಡ್‌ಗಳು ಒಂದೊಂದಾಗಿ ತೆರೆಯುತ್ತವೆ. ಊರಿನಿಂದ ತಂದ ತೆಳು ಪ್ಲಾಸ್ಟಿಕ್ ರೇನ್‌ಕೋಟ್ ಬ್ಯಾಗಿನಲ್ಲಿಟ್ಟುಕೊಂಡು ಒಳಗೇ ಉಳಿಯಿರಿ, ಪಾರ್ಕ್‌ನೊಳಗೆ ಕೊಂಡರೆ ಬೆಲೆ ಕೇಳಿಯೇ ಮೈ ತೋಯುತ್ತದೆ.

ಹರಿಕೇನ್ (ಚಂಡಮಾರುತ) ಬಂದರೆ?

ಅದು ಬೇರೆಯೇ ಮಾತು, ಆಗ ಪಾರ್ಕೇ ಮುಚ್ಚುತ್ತದೆ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಇಯಾನ್ ಬಂದಾಗ ಎರಡು ದಿನ, 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಬಂದಾಗ ಮಧ್ಯಾಹ್ನದಿಂದ ಶುರುವಾಗಿ ಮರುದಿನ ಪೂರ್ತಿ ಮುಚ್ಚಿತ್ತು. ಹರಿಕೇನ್ ಕಾಲ ಅಧಿಕೃತವಾಗಿ ಜೂನ್ 1ರಿಂದ ನವೆಂಬರ್ 30ರವರೆಗೆ. ನೀವು ಬರುವ ದಿನಕ್ಕೆ ಏಳು ದಿನದೊಳಗೆ ಒರ್ಲಾಂಡೋಗಾಗಲಿ ನೀವಿರುವ ಊರಿಗಾಗಲಿ ಹರಿಕೇನ್ ಎಚ್ಚರಿಕೆ ಹೊರಟರೆ, ಡಿಸ್ನಿಯಿಂದ ನೇರವಾಗಿ ಮಾಡಿದ ಬಹುತೇಕ ಬುಕಿಂಗ್‌ಗಳನ್ನು ದಂಡವಿಲ್ಲದೆ ಬದಲಿಸಿಕೊಡುತ್ತಾರೆ. ವಿಮಾನದ್ದು, ಹೊರಗಿನ ಹೋಟೆಲಿನದ್ದು ಅವರವರ ನಿಯಮ. ಆಗಸ್ಟ್-ಅಕ್ಟೋಬರ್ ನಡುವೆ ಬರುವವರು ಪ್ರಯಾಣ ವಿಮೆ ಮಾಡಿಸಿಕೊಳ್ಳಿ.

ಸಾಲಿನಲ್ಲಿ ನಲವತ್ತು ನಿಮಿಷ ನಿಂತಿದ್ದೇವೆ, ರೈಡ್ ನಿಂತುಹೋಯಿತು. ಕಾಯಬೇಕೋ, ಹೊರಡಬೇಕೋ?

ಧರ್ಮಸ್ಥಳದ ಸಾಲಿನಲ್ಲಿ ನಿಂತು ಅಭ್ಯಾಸವಾದ ನಮಗೆ "ಇಷ್ಟು ಹೊತ್ತು ನಿಂತದ್ದು ದಂಡವಾಗುತ್ತಲ್ಲ" ಅನ್ನಿಸುವುದು ಸಹಜ. ಅಲ್ಲಿಯಾದರೆ ಬಾಗಿಲು ತೆಗೆದೇ ತೆಗೆಯುತ್ತಾರೆ, ಇಲ್ಲಿ ಆ ಖಾತರಿ ಇಲ್ಲ.

ಒಂದು ಪಾರ್ಕ್‌ನಲ್ಲಿ (ಯಾವುದೆಂದು ಬೇಡ) ನಮ್ಮೆಜಮಾನರು ಹಟಕ್ಕೆ ಬಿದ್ದು ಒಂದು ಗಂಟೆ ಇಪ್ಪತ್ತು ನಿಮಿಷ ನಿಂತರು. ಹತ್ತು ನಿಮಿಷಕ್ಕೊಮ್ಮೆ ಮೈಕಿನಲ್ಲಿ ಅದೇ ಘೋಷಣೆ. ಕೊನೆಗೆ ತೀರ್ಪು ಕೊಟ್ಟದ್ದು ಐದು ವರ್ಷದ ಮಗಳ ಮೂತ್ರಕೋಶ. ಹೊರಗೆ ಬಂದ ಮೇಲೆ ಆ ರೈಡ್ ಅವತ್ತು ತೆರೆಯಲೇ ಇಲ್ಲ ಅಂತ ಗೊತ್ತಾಯಿತು.

ಅಂದಿನಿಂದ ನಮ್ಮದೊಂದು ಕಟ್ಟುನಿಟ್ಟು. ನಿಂತ ಮೇಲೆ ಹದಿನೈದು ನಿಮಿಷ ಕಾಯುತ್ತೇವೆ. ಅಷ್ಟರಲ್ಲಿ ಖಾಲಿ ಬೋಗಿಗಳು ಓಡುವುದು ಕಂಡರೆ ಇನ್ನೂ ಸ್ವಲ್ಪ ನಿಲ್ಲುತ್ತೇವೆ. ಪರೀಕ್ಷೆಗೆ ಓಡಿಸುತ್ತಿದ್ದಾರೆ ಅಂದರೆ ತೆರೆಯುವ ಹೊತ್ತು ಹತ್ತಿರ ಬಂದಿದೆ ಅಂತ. ಸಿಬ್ಬಂದಿ ತಾವೇ ಬಂದು ಸಾಲು ಖಾಲಿ ಮಾಡಿಸಿದರೆ, ಅಥವಾ ಪೂರ್ತಿ ದೀಪ ಹಾಕಿದರೆ, ಎರಡನೇ ಮಾತಿಲ್ಲದೆ ಹೊರಡಿ. ಸಿಬ್ಬಂದಿಯನ್ನು "ಎಷ್ಟು ಹೊತ್ತಾಗುತ್ತೆ?" ಅಂತ ಕೇಳಿ ಪ್ರಯೋಜನವಿಲ್ಲ, ಪಾಪ, ಅವರಿಗೂ ಗೊತ್ತಿರುವುದಿಲ್ಲ. ಹೊರಗೆ ಬಂದು ಆ್ಯಪ್ ಮೇಲೆ ಕಣ್ಣಿಡಿ. ಮತ್ತೆ ತೆರೆದ ಮೊದಲ ಕೆಲವು ನಿಮಿಷ ಆ ಸಾಲು ಅಚ್ಚರಿಯಾಗುವಷ್ಟು ಚಿಕ್ಕದಿರುತ್ತದೆ.

ದುಡ್ಡು ಕೊಟ್ಟು ಲೈಟ್ನಿಂಗ್ ಲೇನ್ (ಉದ್ದ ಸಾಲು ತಪ್ಪಿಸುವ ಪಾಸ್) ತೆಗೆದುಕೊಂಡಿದ್ದೆ. ನನ್ನ ಹೊತ್ತಿಗೇ ರೈಡ್ ನಿಂತಿದೆ.

ಇಲ್ಲಿ ಮಾತ್ರ ಲಾಭ ನಿಮ್ಮದು. ನಿಮಗೆ ಕೊಟ್ಟ ಸಮಯದಲ್ಲಿ ರೈಡ್ ಕೆಟ್ಟಿದ್ದರೆ ಆ ಪಾಸ್ ತಾನಾಗಿಯೇ ಬದಲಾಗುತ್ತದೆ: ಅದೇ ರೈಡ್ ಅವತ್ತು ಮತ್ತೆ ತೆರೆದರೆ ಯಾವ ಹೊತ್ತಿಗಾದರೂ, ಇಲ್ಲವೇ ಅವರು ಕೊಟ್ಟ ಪಟ್ಟಿಯ ಇನ್ನೊಂದಕ್ಕೆ ಬಳಸಬಹುದು. ಆ್ಯಪ್‌ನಲ್ಲಿ ಸೂಚನೆ ಬರುತ್ತದೆ. ಬರದಿದ್ದರೆ ಪಾರ್ಕ್‌ನೊಳಗೆ ನೀಲಿ ಕೊಡೆಯ ಕೆಳಗೆ ನಿಂತಿರುವ ಸಿಬ್ಬಂದಿಯ ಹತ್ತಿರ ಹೋಗಿ, ನಗುನಗುತ್ತಾ ಕೇಳಿ. ಜೋರು ಮಾಡಿದವರಿಗಿಂತ ನಗುತ್ತಾ ಕೇಳಿದವರಿಗೆ ಹೆಚ್ಚು ಸಿಕ್ಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಡಿಸ್ನಿ ಹೋಟೆಲಿನಲ್ಲಿ ಉಳಿಯುವವರು ಲೈಟ್ನಿಂಗ್ ಲೇನನ್ನು ಏಳು ದಿನ ಮೊದಲು, ಉಳಿದವರು ಮೂರು ದಿನ ಮೊದಲು ಬುಕ್ ಮಾಡಬಹುದು. ಬೇಸಿಗೆಯಲ್ಲಾದರೆ ಬಯಲಿನ ರೈಡ್‌ಗೆ ಬೆಳಗಿನ ಹೊತ್ತನ್ನೇ ಹಿಡಿಯಿರಿ. ಮಧ್ಯಾಹ್ನ ಮೂರರ ಸ್ಲಿಂಕಿ ಡಾಗ್ ಪಾಸ್ ಅಂದರೆ ಮೋಡದ ಮೇಲೆ ಬರೆದ ಚೀಟಿ.

ಇಷ್ಟೊಂದು ಸಲ ಕೆಡುತ್ತದೆ ಅಂದರೆ ಮಕ್ಕಳನ್ನು ಹತ್ತಿಸುವುದು ಸುರಕ್ಷಿತವೇ?

ನಿಲ್ಲುತ್ತಿದೆ ಅಂದರೆ ಕಾವಲು ಎಚ್ಚರವಾಗಿದೆ ಅಂತ ತಿಳಿಯಿರಿ. ರೋಲರ್ ಕೋಸ್ಟರ್ ಹಳಿಯನ್ನು ಹಲವು ತುಂಡುಗಳಾಗಿ ವಿಂಗಡಿಸಿರುತ್ತಾರೆ. ಒಂದು ತುಂಡಿನಲ್ಲಿ ಒಂದು ಸಲಕ್ಕೆ ಒಂದೇ ರೈಲು ಇರಬೇಕು. ಮುಂದಿನ ತುಂಡು ಖಾಲಿ ಅಂತ ಸಂವೇದಕಗಳು ಹೇಳದ ಹೊರತು ಹಿಂದಿನ ರೈಲಿಗೆ ಬ್ರೇಕ್ ಬಿಡುವುದಿಲ್ಲ. ನಮ್ಮ ಮಾವ ಅರಸೀಕೆರೆ ಕಡೆ ಸ್ಟೇಷನ್ ಮಾಸ್ಟರ್ ಆಗಿದ್ದವರು. ನಾನು ಇದನ್ನು ಕಷ್ಟಪಟ್ಟು ವಿವರಿಸುತ್ತಿದ್ದರೆ, "ಇದು ನಮ್ಮ ಬ್ಲಾಕ್ ಸಿಸ್ಟಮ್ಮೇ ಕಣಮ್ಮಾ, ಲೈನ್ ಕ್ಲಿಯರ್ ಸಿಗದೆ ಗಾಡಿ ಬಿಡಲ್ಲ" ಅಂತ ಒಂದೇ ಮಾತಿನಲ್ಲಿ ಮುಗಿಸಿದರು.

ಒಬ್ಬರ ಸೀಟಿನ ಸರಳು ಸರಿಯಾಗಿ ಕೂರದಿದ್ದರೂ, ಹಳಿ ಮೇಲೆ ಯಾರದೋ ಟೋಪಿ ಬಿದ್ದರೂ, ಒಂದು ಸಂವೇದಕ ತಪ್ಪು ಓದಿದರೂ ಇಡೀ ಸಾಲು ನಿಲ್ಲುತ್ತದೆ. ಯಾಕೆ ನಿಂತಿತು ಅಂತ ಪತ್ತೆಯಾಗಿ, ಖಾಲಿ ಓಡಿಸಿ ನೋಡುವ ತನಕ ಜನರನ್ನು ಹತ್ತಿಸುವುದಿಲ್ಲ. 2019ರ ಡಿಸೆಂಬರ್‌ನಲ್ಲಿ ತೆರೆದ 'ರೈಸ್ ಆಫ್ ದ ರೆಸಿಸ್ಟೆನ್ಸ್' ಹೀಗೆ ನಿಲ್ಲುವುದಕ್ಕೇ ಹೆಸರುವಾಸಿ. ಅದರಲ್ಲಿ ಹಳಿಯಿಲ್ಲದೆ ಓಡುವ ಬಂಡಿಗಳು, ದೊಡ್ಡ ಯಂತ್ರಗೊಂಬೆಗಳು, ಮೇಲೆ ಕೆಳಗೆ ಹೋಗುವ ಕೋಣೆ, ಎಲ್ಲವೂ ಒಟ್ಟಿಗೆ ತಾಳಕ್ಕೆ ಬರಬೇಕು.

ಯಾವ ಭಾಗ ಕೆಟ್ಟರೂ ರೈಡ್ ನಿಲ್ಲಲೇಬೇಕು ಅಂತೇನೂ ಇಲ್ಲ. ಎಕ್ಸ್‌ಪೆಡಿಷನ್ ಎವರೆಸ್ಟ್‌ನಲ್ಲಿ ಕೈ ಬೀಸುತ್ತಾ ಮೈಮೇಲೆ ಬರಬೇಕಾದ ದೈತ್ಯ ಯೇತಿ, ಅಂದರೆ ಹಿಮಮಾನವನ ಯಂತ್ರಗೊಂಬೆ, ಇದೆ. 2006ರಲ್ಲಿ ರೈಡ್ ತೆರೆದ ಸ್ವಲ್ಪ ಕಾಲದಲ್ಲೇ ಅದು ಅಲುಗಾಡುವುದನ್ನು ನಿಲ್ಲಿಸಿತು. ಅದರ ಮೇಲೆ ಮಿಣುಕು ದೀಪ ಬಿಟ್ಟು ಚಲನೆಯ ಭ್ರಮೆ ಹುಟ್ಟಿಸಿದರು, ಅಭಿಮಾನಿಗಳು 'ಡಿಸ್ಕೋ ಯೇತಿ' ಅಂತ ಹೆಸರಿಟ್ಟರು.

ಪರಿಶೀಲನೆ ಯಾರದು ಅಂತಲೂ ಕೆಲವರು ಕೇಳುತ್ತಾರೆ. ಫ್ಲೋರಿಡಾದಲ್ಲಿ ಸಾವಿರ ಮತ್ತು ಅದಕ್ಕಿಂತ ಹೆಚ್ಚು ಪೂರ್ಣಾವಧಿ ನೌಕರರಿದ್ದು, ತಮ್ಮದೇ ಸುರಕ್ಷತಾ ತಪಾಸಕರನ್ನು ಇಟ್ಟುಕೊಂಡಿರುವ ದೊಡ್ಡ ಪಾರ್ಕ್‌ಗಳಿಗೆ ರಾಜ್ಯದ ತಪಾಸಣೆಯಿಂದ ವಿನಾಯಿತಿ ಇದೆ. ಈ ಏರ್ಪಾಡು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ, ಆದರೂ ಮಕ್ಕಳನ್ನು ಹತ್ತಿಸಿದ್ದೇನೆ.

ನಾವು ಕೂತಿರುವಾಗಲೇ ನಡುವೆ ನಿಂತುಬಿಟ್ಟರೆ?

ಕೂತಲ್ಲೇ ಕೂತಿರಿ. ಸರಳು ಎತ್ತಲು ನೋಡಬೇಡಿ, ಕೆಳಗೆ ಕಾಲಿಡಬೇಡಿ. ಹೆಚ್ಚಿನ ಸಲ ಐದ್ಹತ್ತು ನಿಮಿಷದಲ್ಲಿ ಮತ್ತೆ ಹೊರಡುತ್ತದೆ. ಇಲ್ಲವಾದರೆ ದೀಪ ಹಾಕಿ ಸಿಬ್ಬಂದಿಯೇ ಬಂದು ಮೆಟ್ಟಿಲಿನ ಮೂಲಕ ನಡೆಸಿಕೊಂಡು ಹೋಗುತ್ತಾರೆ. ಹಾಗೆ ಇಳಿಸಿದವರಿಗೆ ಸಾಮಾನ್ಯವಾಗಿ ಮತ್ತೆ ಬರಲು ಪಾಸ್ ಕೊಡುತ್ತಾರೆ, ಕೊಡದಿದ್ದರೆ ಕೇಳಿ. ನನ್ನ ಮಗನಿಗೆ ರೈಡ್‌ಗಿಂತ ಆ ಕತ್ತಲ ಹಿಂದಿನ ಮೆಟ್ಟಿಲುಗಳೇ ಇವತ್ತಿಗೂ ನೆನಪು.

ಮಕ್ಕಳಿಗೆ ಹೇಗೆ ಹೇಳುವುದು? ಮಗಳು ಮೂರು ತಿಂಗಳಿಂದ ಅದೇ ರೈಡಿನ ವಿಡಿಯೋ ನೋಡುತ್ತಿದ್ದಾಳೆ.

ಇವತ್ತೇ ಹೇಳಿ. ಗೇಟಿನ ಮುಂದೆ ಹೇಳಬೇಡಿ.

ಇದರಲ್ಲಿ ತಪ್ಪು ಮಾಡಿದವಳು ನಾನೇ. ಮುಚ್ಚಿರುವುದು ಎರಡು ವಾರ ಮೊದಲೇ ಗೊತ್ತಿತ್ತು, ಹೇಳಿದರೆ ಅಳುತ್ತಾಳೆ ಅಂತ ಸುಮ್ಮನಿದ್ದೆ. ಅಲ್ಲಿಗೆ ಹೋದ ಮೇಲೆ ಹಲಗೆಯ ಗೋಡೆ ಕಂಡು ಅವಳು ಅತ್ತದ್ದು ರೈಡಿಗೆ ಅಷ್ಟಾಗಿ ಅಲ್ಲ, "ನಿಂಗೆ ಗೊತ್ತಿತ್ತಲ್ವಾ ಅಮ್ಮಾ?" ಅಂತ. ಜಾತ್ರೆಗೆ ಕರೆದುಕೊಂಡು ಹೋಗಿ ಈ ಸಲ ತೇರು ಎಳೆಯಲ್ಲ ಅಂದ ಹಾಗಾಯಿತು. ಮನೆಯಲ್ಲಿ ಅತ್ತಿದ್ದರೆ ಅರ್ಧ ಗಂಟೆಯಲ್ಲಿ ಮರೆಯುತ್ತಿದ್ದಳು. ಅಲ್ಲಿ ಅರ್ಧ ದಿನ ಹೋಯಿತು.

ಈಗ ನಾವು ಮಾಡುವುದು ಇಷ್ಟು. ಹೊರಡುವ ಒಂದು ವಾರ ಮೊದಲು ಊಟಕ್ಕೆ ಕೂತಾಗ ಒಬ್ಬೊಬ್ಬರೂ ತಮಗೆ ಬೇಕೇ ಬೇಕಾದ ಒಂದನ್ನು, ಅದಿಲ್ಲದಿದ್ದರೆ ನಡೆಯುವ ಇನ್ನೊಂದನ್ನು ಹೇಳಬೇಕು. ದೊಡ್ಡವರಿಗೂ ಅಷ್ಟೇ, ಎರಡೇ. ಐದು ಜನ, ಹತ್ತು ಹೆಸರು. ಹತ್ತರಲ್ಲಿ ಎರಡು-ಮೂರು ನಿಂತರೂ ಯಾರೊಬ್ಬರ ಎರಡೂ ಹೋಗುವುದು ಅಪರೂಪ. ಹೆಸರು ಬರೆಯುವಾಗ ಒಬ್ಬರ ಎರಡೂ ಬಯಲಿನ ರೈಡ್ ಆಗದಂತೆ ನೋಡಿಕೊಳ್ಳಿ, ಒಂದು ಸೂರಿನ ಒಳಗಿನದ್ದಿರಲಿ. ಈ ಚೀಟಿ ಫ್ರಿಜ್ ಮೇಲೆ ಅಂಟಿಸಿದರೆ ಮಕ್ಕಳೇ ಆ್ಯಪ್ ನೋಡಿ ವರದಿ ಒಪ್ಪಿಸುತ್ತಾರೆ.

ರೈಡ್ ತೆರೆದೇ ಇದೆ, ಆದರೆ ಮಗ ಎತ್ತರಕ್ಕೆ ಸಾಲದೆ ಹತ್ತಿಸಲಿಲ್ಲ.

ಅವನ ಪಾಲಿಗೆ ಇದೂ ಮುಚ್ಚಿದ ಹಾಗೆಯೇ, ಮತ್ತು ಇದನ್ನು ಮನೆಯಲ್ಲೇ ತಿಳಿಯಬಹುದು. ಮೈನ್ ಟ್ರೈನ್ ಮತ್ತು ಸ್ಲಿಂಕಿ ಡಾಗ್‌ಗೆ 38 ಇಂಚು (97 ಸೆಂ.ಮೀ.), ಟಿಯಾನಾಸ್ ಮತ್ತು ಟೆಸ್ಟ್ ಟ್ರ್ಯಾಕ್‌ಗೆ 40 (102), ಸ್ಪೇಸ್ ಮೌಂಟನ್, ಎವರೆಸ್ಟ್, ಫ್ಲೈಟ್ ಆಫ್ ಪ್ಯಾಸೇಜ್‌ಗೆ 44 (112), ಟ್ರಾನ್‌ಗೆ 48 (122). ಗೋಡೆಗೆ ನಿಲ್ಲಿಸಿ ಪೆನ್ಸಿಲ್ ಗೆರೆ ಹಾಕಿ. ದಪ್ಪ ಅಟ್ಟೆಯ ಶೂ ಉಪಾಯ ನಂಬಿ ಹೋಗಬೇಡಿ, ಅಲ್ಲಿನವರು ದಿನಾ ನೂರಾರು ಮಕ್ಕಳನ್ನು ಅಳೆಯುತ್ತಾರೆ.

ಚಿಕ್ಕವನನ್ನು ಬಿಟ್ಟು ದೊಡ್ಡವರು ಹೋಗಲು 'ರೈಡರ್ ಸ್ವಿಚ್' ಇದೆ. ಎಲ್ಲರೂ ಒಟ್ಟಿಗೆ ಬಾಗಿಲಿಗೆ ಹೋಗಿ ಹೇಳಿ. ಒಬ್ಬರು ಮಗುವಿನ ಜೊತೆ ಹೊರಗಿರುತ್ತಾರೆ, ಮೊದಲ ತಂಡ ಬಂದ ಮೇಲೆ ಅವರು ಲೈಟ್ನಿಂಗ್ ಲೇನ್ ಬಾಗಿಲಿನಿಂದ ಹೋಗಬಹುದು. ಒರ್ಲಾಂಡೋದಲ್ಲೇ ಇರುವ ಯೂನಿವರ್ಸಲ್ ಪಾರ್ಕ್‌ಗಳಲ್ಲೂ ಇಂಥದೇ ಏರ್ಪಾಡಿದೆ.

ಸಂಜೆ ಆರಕ್ಕೇ ಎಲ್ಲರನ್ನೂ ಹೊರಗೆ ಕಳಿಸಿದರು. ಯಾಕೆ?

ಪಾರ್ಟಿ ರಾತ್ರಿಯಿರಬೇಕು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹ್ಯಾಲೋವೀನ್, ನವೆಂಬರ್-ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಪಾರ್ಟಿಗಳಿಗೆ ಮ್ಯಾಜಿಕ್ ಕಿಂಗ್‌ಡಮ್ ವಾರದಲ್ಲಿ ಕೆಲವು ದಿನ ಬೇಗ ಬಾಗಿಲು ಹಾಕಿ, ಬೇರೆ ಟಿಕೆಟ್ ಇದ್ದವರನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಅದೇ ಕ್ಯಾಲೆಂಡರಿನಲ್ಲಿ ಕಾಣುತ್ತದೆ. ರಾತ್ರಿಯ ಬಾಣಬಿರುಸು ನೋಡಬೇಕಿದ್ದವರು ಆ ದಿನ ತಪ್ಪಿಸಿ. ಹಗಲು ಸಾಲು ಚಿಕ್ಕದಾಗಿದ್ದರೆ ಸಾಕು ಅನ್ನುವವರು ಆ ದಿನವನ್ನೇ ಹಿಡಿಯಿರಿ.

ಪಾರ್ಕ್ ಹಾಪರ್ ಟಿಕೆಟ್ (ಒಂದೇ ದಿನ ಒಂದಕ್ಕಿಂತ ಹೆಚ್ಚು ಪಾರ್ಕ್‌ಗೆ ಹೋಗುವಂಥದ್ದು) ತೆಗೆದುಕೊಳ್ಳಬೇಕೇ?

ಮೂರು ದಿನಕ್ಕಿಂತ ಕಡಿಮೆ ಇರುವವರಿಗೆ ಹೌದು ಅನ್ನುತ್ತೇನೆ. 2024ರ ಜನವರಿಯಿಂದ ಯಾವ ಹೊತ್ತಿನಲ್ಲಿ ಬೇಕಾದರೂ ಇನ್ನೊಂದು ಪಾರ್ಕ್‌ಗೆ ಹೋಗಬಹುದು, ಮೊದಲಿನ ಹಾಗೆ ಮಧ್ಯಾಹ್ನದವರೆಗೆ ಕಾಯಬೇಕಿಲ್ಲ. ಅನಿಮಲ್ ಕಿಂಗ್‌ಡಮ್‌ನಲ್ಲಿ ರೈಡ್‌ಗಳೇ ಕಡಿಮೆ, ಅಲ್ಲಿ ಎರಡು ನಿಂತರೆ ಮಧ್ಯಾಹ್ನದ ಮೇಲೆ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ. ವಾರಪೂರ್ತಿ ಇರುವವರಿಗೆ ಆ ದುಡ್ಡು ಬೇರೆಯದಕ್ಕೆ ಬಂದೀತು.

ವಂಡರ್‌ಲಾಗೂ ಇದೇ ಲೆಕ್ಕವೇ?

2005ರಿಂದ ಬಿಡದಿಯ ಹತ್ತಿರ ನಡೆಯುತ್ತಿರುವ ವಂಡರ್‌ಲಾ ಬೆಂಗಳೂರಿನವರಿಗೆ ಒಂದು ದಿನದ ಮಾತು. ಅಲ್ಲಿ ಒಂದು ರೈಡ್ ನಿಂತಿದ್ದರೆ ಮುಂದಿನ ತಿಂಗಳು ಮತ್ತೆ ಹೋಗಬಹುದು, ತಲೆ ಕೆಡಿಸಿಕೊಳ್ಳಬೇಡಿ. ದೂರದ ಹಾಸನ, ಚಿತ್ರದುರ್ಗದ ಕಡೆಯಿಂದ ವ್ಯಾನ್ ಮಾಡಿಕೊಂಡು ಹೋಗುವವರು ಹಿಂದಿನ ದಿನ ಫೋನ್ ಮಾಡಿ, ಯಾವುದು ರಿಪೇರಿಯಲ್ಲಿದೆ ಅಂತ ಕೇಳಿಕೊಂಡು ಹೊರಡಿ. ಎತ್ತರ ಅಳೆಯುವ ಕಟ್ಟುನಿಟ್ಟು ಅಲ್ಲೂ ಇದೆ.

ಅಪ್ಪ-ಅಮ್ಮ ಊರಿನಿಂದ ಬಂದಿದ್ದಾರೆ. ಅವರು ಹತ್ತುವಂಥವೇ ನಾಲ್ಕು, ಅದರಲ್ಲಿ ಒಂದು ಮುಚ್ಚಿದರೆ?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ, ಕೇಳಬೇಕಾದವರು ಹೆಚ್ಚು. ಮಕ್ಕಳಿಗೆ ಒಂದು ತಪ್ಪಿದರೆ ಹತ್ತಿವೆ. ಮಂಡಿ ನೋವಿನ ಅಜ್ಜಿಗೆ ತಪ್ಪಿದರೆ ಬೆಂಚೇ ಗತಿ. ಆದ್ದರಿಂದ ಕ್ಯಾಲೆಂಡರಿನಲ್ಲಿ ಮೊದಲು ಅವರ ರೈಡ್‌ಗಳನ್ನೇ ಹುಡುಕಿ.

ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಪೀಪಲ್‌ಮೂವರ್ ಇದೆ, ಎತ್ತರದಲ್ಲಿ ಮೆಲ್ಲಗೆ ಸುತ್ತು ಹಾಕುತ್ತದೆ, ಸಾಲು ಉದ್ದವಿರುವುದು ಅಪರೂಪ. 'ಕ್ಯಾರಸೆಲ್ ಆಫ್ ಪ್ರೋಗ್ರೆಸ್' 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಮಾಡಿದ್ದು. ಪ್ರೇಕ್ಷಕರು ಕೂತ ಜಾಗವೇ ರಂಗದ ಸುತ್ತ ತಿರುಗುತ್ತದೆ, ಇಪ್ಪತ್ತು ನಿಮಿಷ ಎಸಿಯಲ್ಲಿ ಕೂರಬಹುದು. ನಮ್ಮತ್ತೆ ಅದರಲ್ಲಿ ಎರಡು ಸಲ ನಿದ್ದೆ ಮಾಡಿದ್ದಾರೆ, ಎರಡು ಸಲವೂ ಚೆನ್ನಾಗಿತ್ತು ಅಂದರು. ಅನಿಮಲ್ ಕಿಂಗ್‌ಡಮ್‌ನ ನಾವಿ ರಿವರ್ ಜರ್ನಿ ಸೂರಿನ ಒಳಗಿನ ದೋಣಿ, ಕುಲುಕಾಟವಿಲ್ಲ. ಸಫಾರಿ ಸ್ವಲ್ಪ ಕುಲುಕುತ್ತದೆ, ಬೆನ್ನು ನೋವಿರುವವರು ಯೋಚಿಸಿ.

ಮಾವನಿಗೆ 2023ರಲ್ಲಿ ಬೇಕಾಗಿದ್ದದ್ದು ಒಂದೇ, ರೈಲು. ಅಲ್ಲಿರುವ ನಾಲ್ಕೂ ಹಬೆ ಎಂಜಿನ್‌ಗಳು ಅಮೆರಿಕದ ಬಾಲ್ಡ್ವಿನ್ ಕಾರ್ಖಾನೆಯವು, 1916ರಿಂದ 1928ರ ನಡುವೆ ತಯಾರಾಗಿ ಮೆಕ್ಸಿಕೋದ ಯುಕಟಾನ್‌ನಲ್ಲಿ ದುಡಿದು ಬಂದವು. ಅವರು ಒಂದೇ ಮಧ್ಯಾಹ್ನ ನಾಲ್ಕು ಸುತ್ತು ಹೊಡೆದರು, ನಾಲ್ಕನೇ ಸುತ್ತಿಗೆ ಗಾರ್ಡ್ ಜೊತೆ ಸ್ನೇಹವೂ ಆಗಿತ್ತು. ನಿಮ್ಮಲ್ಲೂ ಅಂಥ ಮಾವನಿದ್ದರೆ ರೈಲು ಓಡುತ್ತಿದೆಯೇ ಅಂತ ಹೋಗುವ ವಾರ ತಪ್ಪದೆ ನೋಡಿ. ಹಳಿ ಪಾರ್ಕನ್ನೇ ಸುತ್ತುವುದರಿಂದ ಅಂಚಿನಲ್ಲಿ ಎಲ್ಲಿ ಕಾಮಗಾರಿ ನಡೆದರೂ ಅದರ ಬಿಸಿ ರೈಲಿಗೆ ತಟ್ಟುತ್ತದೆ. ಹತ್ತುವಾಗ ಮಗುವಿನ ಸ್ಟ್ರಾಲರ್ ಮಡಿಸಿಟ್ಟುಕೊಳ್ಳಬೇಕು.